ಗೊತ್ತಿಲ್ಲ ಮೇಡಂ

ನನ್ನ ತಲೆಯೊಳಗೆ ಏನಿದೆ ಎಂದು ಕಣ್ಣಾರೆ ಕಂಡವರು ಇಬ್ಬರು. ಒಬ್ಬರು ತಲೆ ತೆರೆದ ದೊಡ್ಡ ಡಾಕ್ಟರು. ಅವರ ಆಳೆತ್ತರದ ಫೋಟೋ ಆಸ್ಪತ್ರೆಯ ಹೆಬ್ಬಾಗಿಲಲ್ಲೇ ಇದೆ, ಕೈಕಟ್ಟಿಕೊಂಡು ನಗುತ್ತ ನಿಂತಿದ್ದಾರೆ. ಇನ್ನೊಬ್ಬರು ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ನೀರಿನ ಪಂಪಿನ ಕೋಣೆಗೂ ಮುರಿದ ಮಂಚಗಳನ್ನು ಪೇರಿಸಿಟ್ಟ ಕೋಣೆಗೂ ನಡುವೆ ಕೂತು, ನನ್ನ ಮಿದುಳಿನ ಒಂದು ಚೂರನ್ನು ಗಾಜಿನ ಮೇಲಿಟ್ಟು ನೋಡಿದವರು. ಅವರ ಫೋಟೋ ಎಲ್ಲೂ ಇಲ್ಲ. ಬಾಗಿಲಿಗೆ ಹೆಸರಿನ ಹಲಗೆ ಕೂಡ ಇಲ್ಲ. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ, ಮೈ ಉರಿದಾಗ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಮೇಲಿನ ಮಹಡಿಯ ಡಾಕ್ಟರುಗಳೆಲ್ಲ ಸೇರಿ ಅವರಿಗೆ ಇಟ್ಟಿದ್ದ ಹೆಸರು ‘ಗೊತ್ತಿಲ್ಲ ಮೇಡಂ’. ನಗೋದಕ್ಕೆಂದು ಇಟ್ಟದ್ದು. ಚಹಾ ಕುಡಿಯುತ್ತ, “ಗೊತ್ತಿಲ್ಲ ಮೇಡಂ ಇವತ್ತು ಏನಂದ್ರು?” ಎಂದು ಒಬ್ಬರು ಕೇಳುವುದು, “ಇನ್ನೇನಂತಾರೆ!” ಎಂದು ಇನ್ನೊಬ್ಬರು ಹೇಳುವುದು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವುದು. ನಾನೂ ಅವರನ್ನು ಅದೇ ಹೆಸರಿನಿಂದ ಕರೆಯುತ್ತೇನೆ. ಆದರೆ ನಗುವುದಕ್ಕಲ್ಲ.

ನಾನು ಬಸ್ ಕಂಡಕ್ಟರ್. ಬಾಯೇ ನನ್ನ ಬಂಡವಾಳ. ಬಸ್ಸು ಎಷ್ಟೇ ಗಿಜಿಗುಟ್ಟುತ್ತಿರಲಿ, ಹಿಂದಿನ ಬಾಗಿಲಲ್ಲಿ ನಿಂತು ನಾನು ಕೂಗಿದರೆ ಡ್ರೈವರ್ ಪಕ್ಕದ ಸೀಟಿನಲ್ಲಿ ತೂಕಡಿಸುವ ಅಜ್ಜ ಎದ್ದು ಇಳಿಯಬೇಕು. ಮೆಟ್ಟಿಲ ಮೇಲೆ ನೇತಾಡುವ ಪಡ್ಡೆಗಳು ನನ್ನ ಬಾಯಿಗೆ ಹೆದರಿಯೇ ಒಳಗೆ ಬರುತ್ತಿದ್ದರು. ಗಂಡ ಸೈಕಲ್ ರಿಪೇರಿ ಅಂಗಡಿಯವರು, ಮಾತೆಂದರೆ ಆಗದು. ನಮ್ಮ ಮನೆಯಲ್ಲಿ ಅವರ ಪಾಲಿನ ಮಾತನ್ನೂ ನಾನೇ ಆಡುತ್ತೇನೆ.

ಒಂದು ದಿನ ಹಳೆ ಸೇತುವೆಯ ಸ್ಟಾಪು ಬಂತು. ಬಾಯಿ ತೆರೆದೆ. ಸೇತುವೆ ಎಂಬ ಮಾತು ಬರಲಿಲ್ಲ. ಕಣ್ಣೆದುರಿಗೇ ಇದೆ ಸೇತುವೆ, ದಿನಕ್ಕೆ ಹತ್ತಾರು ಸಲ ದಾಟುವ ಸೇತುವೆ. “ಅದು... ಅದು... ನೀರಿನ ಮೇಲೆ ಹಾಕಿರ್ತಾರಲ್ಲ, ಅದು ಇಳಿಯೋರು ಇಳೀರಿ!” ಎಂದೆ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಮತ್ತೊಂದು ದಿನ ಆಸ್ಪತ್ರೆ ಎನ್ನುವ ಬದಲು ಮಾರ್ಕೆಟ್ ಎಂದು ಕೂಗಿ, ತುಂಬು ಗರ್ಭಿಣಿಯೊಬ್ಬಳನ್ನು ತರಕಾರಿ ಗಾಡಿಗಳ ನಡುವೆ ಇಳಿಸಿಬಿಟ್ಟೆ. “ಏನಕ್ಕಾ, ಬೆಳಿಗ್ಗೇನೇ ಏರಿಸ್ಕೊಂಡು ಬಂದಿದ್ದೀಯಾ?” ಎಂದ ನಮ್ಮ ಡ್ರೈವರ್. ಅವನ ಜನ್ಮ ಜಾಲಾಡೋಣವೆಂದರೆ ಅದಕ್ಕೂ ಮಾತು ಸಿಗಲಿಲ್ಲ. ಆಗ ಮೊದಲ ಸಲ ನನಗೆ ಹೆದರಿಕೆಯಾಯಿತು. ತಲೆನೋವು ಬೇರೆ, ಎಡಗಿವಿಯ ಮೇಲೆ ಯಾರೋ ಒಳಗಿನಿಂದ ಒದ್ದ ಹಾಗೆ.

ಆಸ್ಪತ್ರೆಗೆ ಸೇರಿಸಿದರು. ಸ್ಕ್ಯಾನಿನಲ್ಲಿ ಎಡಗಡೆ, ಮಾತು ಹುಟ್ಟುವ ಜಾಗಕ್ಕೆ ಒತ್ತಿಕೊಂಡು ಒಂದು ಉಂಡೆ. ವಾರ್ಡಿನಲ್ಲಿ ಮಾತ್ರೆ ಕೊಟ್ಟರು, ಊತ ಇಳಿಯುವುದಕ್ಕೆ ಎಂದರು. ಅದು ಹೊಟ್ಟೆಗೆ ಬಿದ್ದ ಕೆಲವೇ ದಿನಕ್ಕೆ ತಲೆನೋವು ಓಡಿಹೋಯಿತು, ಮಾತು ದಿಬ್ಬಣದ ಹಾಗೆ ವಾಪಸು ಬಂತು. ಹಾಸಿಗೆಯ ಮೇಲೆ ಕೂತು ನಮ್ಮ ರೂಟಿನ ಸ್ಟಾಪುಗಳನ್ನೆಲ್ಲ ಒಂದೂ ಬಿಡದೆ ಕೂಗಿ ತೋರಿಸಿದೆ. ಪಕ್ಕದ ಹಾಸಿಗೆಯವಳು, “ಅಮ್ಮಾ ತಾಯಿ, ನನ್ನನ್ನೂ ಎಲ್ಲಾದ್ರೂ ಇಳಿಸಿಬಿಡು” ಎಂದಳು.

ಆಮೇಲೆ ದೊಡ್ಡ ಡಾಕ್ಟರು ಬಂದರು. ಹಿಂದೆ ಒಂದು ದಂಡು.

“ಕೆಟ್ಟ ಗೆಡ್ಡೆ ಇದು. ಎಷ್ಟಾಗುತ್ತೋ ಅಷ್ಟು ತೆಗೀಬೇಕು. ಸ್ವಲ್ಪ ಮಾತು ಹೋಗಬಹುದು” ಎಂದರು.

ನನ್ನ ಗಂಡ ಕೇಳಿದರು, “ಸ್ವಲ್ಪ ಅಂದ್ರೆ ಎಷ್ಟು ಸರ್?”

“ನೋಡಿ, ನಿಮಗೆ ಜೀವ ಮುಖ್ಯಾನೋ, ಮಾತು ಮುಖ್ಯಾನೋ?”

ಎಂಥ ಪ್ರಶ್ನೆ! ನನ್ನನ್ನು ಕೇಳಲಿಲ್ಲ, ನನ್ನ ತಲೆಯ ಮೇಲಿನಿಂದ ಗಂಡನನ್ನು ಕೇಳಿದರು. ಮಾತು ಹೋದ ಮೇಲೆ ನಾನು ಯಾವ ಬಾಗಿಲಲ್ಲಿ ನಿಂತು ಏನು ಕೂಗಲಿ? ಮಾತಿಲ್ಲದ ಆ ಮನೆಯಲ್ಲಿ ಇಬ್ಬರು ಮೂಗರು ಎದುರುಬದುರು ಕೂತು ಏನು ಮಾಡಬೇಕು? ಆದರೆ ಹೆದರಿಕೆಯ ಮುಂದೆ ನನ್ನ ಜಂಬ ನಡೆಯಲಿಲ್ಲ. ಹೂಂ ಎಂದೆವು.

ಆಪರೇಷನ್ ದಿನ ಕೆಳಗೆ ನಡೆದದ್ದನ್ನು ಗೊತ್ತಿಲ್ಲ ಮೇಡಂ ಎಷ್ಟೋ ಕಾಲದ ಮೇಲೆ ನನಗೆ ಬಿಡಿಸಿ ಹೇಳಿದರು. ತಲೆ ತೆರೆದು ಗೆಡ್ಡೆ ಕಂಡ ಕೂಡಲೇ ಅದರ ಒಂದು ಚೂರು ಡಬ್ಬಿಯಲ್ಲಿ ನೆಲಮಾಳಿಗೆಗೆ ಹೋಗುತ್ತದೆ. ರೋಗಿ ಮೇಲೆ ತಲೆ ತೆರೆದುಕೊಂಡೇ ಮಲಗಿರುತ್ತಾಳೆ. ಇವರು ಆ ಚೂರಿನಿಂದ ಅಕ್ಕಿಕಾಳಿಗಿಂತ ಚಿಕ್ಕದನ್ನು ಕಿತ್ತು, ಎರಡು ಗಾಜಿನ ಪಟ್ಟಿಗಳ ನಡುವೆ ಇಟ್ಟು, ಅಮುಕಿ ಎಳೆಯುತ್ತಾರೆ. ಗಟ್ಟಿಯಾಗಿ ಅಮುಕಿದರೆ ಎಲ್ಲ ನಜ್ಜುಗುಜ್ಜು, ಮೆತ್ತಗೆ ಅಮುಕಿದರೆ ಒಂದರ ಮೇಲೊಂದು ಬಿದ್ದು ಏನೂ ಕಾಣದು. ಆಮೇಲೆ ಬಣ್ಣದಲ್ಲಿ ಅದ್ದಿದರೆ ಕೋಶಗಳ ನಡುಭಾಗ ನೀಲಿ, ಉಳಿದದ್ದು ಗುಲಾಬಿ. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಗೋಡೆಯ ಫೋನಿನಲ್ಲಿ ಹೇಳಬೇಕು. ಇವರು ಹೇಳುವ ಒಂದು ಮಾತಿನ ಮೇಲೆ ಮೇಲಿನವರ ಕತ್ತಿ ಮುಂದೆ ಹೋಗುವುದು ಅಥವಾ ನಿಲ್ಲುವುದು.

ಅವರಿಗೆ ಕಂಡದ್ದು ಗುಂಡಗಿನ, ಹೊಟ್ಟೆಯಲ್ಲಿ ನೊರೆ ತುಂಬಿಕೊಂಡ ಕೋಶಗಳು. ಮಿದುಳಿನಲ್ಲಿ ಏನಾದರೂ ಸತ್ತರೆ ಆ ಕಸವನ್ನು ತಿಂದು ಗುಡಿಸಲು ಬರುವ ಕೋಶಗಳಂತೆ ಅವು. ಅವಸರದ ಕಣ್ಣಿಗೆ ಥೇಟ್ ಗೆಡ್ಡೆಯ ಕೋಶಗಳಂತೆಯೇ ಕಾಣುತ್ತವಂತೆ. ಈ ಕಸುಬಿನಲ್ಲಿ ತಲೆ ನರೆತವರೂ ಇಲ್ಲೇ ಎಡವುತ್ತಾರಂತೆ. ಬೀದಿ ತುಂಬ ಕಸ ಗುಡಿಸುವವರೇ ನಿಂತಿದ್ದಾರೆ, ಆದರೆ ಅಲ್ಲಿ ಬಿದ್ದ ಮನೆ ಯಾವುದು ಎಂಬುದು ಮಾತ್ರ ಕಾಣುತ್ತಿಲ್ಲ.

“ಏನು ಮೇಡಂ, ಗೆಡ್ಡೆ ತಾನೇ?” ಮೇಲಿನಿಂದ ಫೋನು.

“ಗೆಡ್ಡೆ ಕೋಶ ನನಗೆ ಕಾಣ್ತಿಲ್ಲ ಸರ್. ಬರೀ ಕಸ ತಿನ್ನೋ ಕೋಶಗಳಿವೆ. ಇನ್ನು ಮುಂದಕ್ಕೆ ಕತ್ತರಿಸಬೇಡಿ.”

“ಹಾಗಾದ್ರೆ ಏನದು?”

“ಗೊತ್ತಿಲ್ಲ.”

ಇನ್ನೊಂದು ಚೂರು ಕಳಿಸಿದರು. ಅದರಲ್ಲೂ ಅದೇ. ಮೇಡಂ ಕೇಳಿದರು, “ಇವರಿಗೆ ಮೊದಲೇ ಊತ ಇಳಿಸೋ ಸ್ಟೀರಾಯ್ಡ್ ಏನಾದ್ರೂ ಕೊಟ್ಟಿದ್ರಾ ಸರ್?”

“ನಿಮ್ಮ ಕೆಲಸ ಗಾಜು ನೋಡೋದು. ಅದನ್ನ ನೋಡಿ ಹೇಳಿ” ಎಂದು ಫೋನು ಕುಕ್ಕಿದರು. ಮೇಡಂ ವಾರ್ಡಿಗೆ ಕೇಳಿದರೆ, “ಸರ್‌ನೇ ಕೇಳಿ ಮೇಡಂ” ಎಂಬ ಉತ್ತರ. ತಲೆ ಊದಿಕೊಂಡವರಿಗೆಲ್ಲ ಕೊಡುವ ಮಾತ್ರೆ, ಅದನ್ನೇನು ಕೆಳಗಿನವರಿಗೆ ಹೇಳುವುದು ಎಂದು ಎಲ್ಲರ ತಾತ್ಸಾರ. ಗಾಜಿನವರು ರೋಗಿಯ ಮುಖ ನೋಡುವ ಪದ್ಧತಿ ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಡಬ್ಬಿ ಇಳಿಯುತ್ತದೆ, ಉತ್ತರ ಏರುತ್ತದೆ, ಅಷ್ಟೇ.

ದೊಡ್ಡ ಡಾಕ್ಟರು ಹಲ್ಲು ಕಡಿಯುತ್ತಲೇ ತಲೆ ಮುಚ್ಚಿದರು. ಆಮೇಲೆ ಹೊರಗೆ ಬಂದು ನನ್ನ ಗಂಡನಿಗೆ ಹೇಳಿದ್ದು ಕೇಳಿ: “ಕೆಳಗಿನವರಿಗೆ ಏನೂ ಗೊತ್ತಾಗಿಲ್ಲ. ಅವರಿಂದಾಗಿ ಕೆಲಸ ಅರ್ಧಕ್ಕೆ ನಿಂತುಹೋಯ್ತು. ಇನ್ನೊಂದು ಸಲ ತೆರೆದು ಪೂರ್ತಿ ತೆಗೀಬೇಕು.”

ನನ್ನ ತಲೆ ಏನು ಬಸ್ಸಿನ ಬಾಗಿಲೇ, ಬೇಕೆಂದಾಗ ತೆರೆದು ಮುಚ್ಚುವುದಕ್ಕೆ? ಎದ್ದು ಓಡಾಡುವಷ್ಟು ಚೈತನ್ಯ ಬಂದ ದಿನವೇ, ತಲೆಗೆ ಸುತ್ತಿದ ಬಟ್ಟೆಯ ಸಮೇತ, ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದೆ. ಆ ಹೆಂಗಸಿನ ನೀರಿಳಿಸದೆ ನನಗೆ ನಿದ್ದೆ ಬರುವಂತಿರಲಿಲ್ಲ.

ಬಾಗಿಲು ತಳ್ಳಿದರೆ ಸ್ಪಿರಿಟ್ ಮತ್ತು ಕಾದ ಮೇಣದ ವಾಸನೆ. ಕಿಟಕಿಯಿಲ್ಲ. ಮೇಜಿನ ಮೇಲೆ ಹಲಗೆಗಳಲ್ಲಿ ಸಾಲಾಗಿ ಜೋಡಿಸಿಟ್ಟ ಗಾಜಿನ ಪಟ್ಟಿಗಳು. ಮೊಣಕೈ ಊರುವ ಜಾಗದಲ್ಲಿ ಮಗುವಿನದಿರಬೇಕೆನ್ನುವಷ್ಟು ಚಿಕ್ಕ ದಿಂಬು. ಗಿಡ್ಡನೆಯ ಒಬ್ಬ ಹೆಂಗಸು ಬಗ್ಗಿಕೊಂಡು ಮೇಜಿನ ಅಡಿಯಲ್ಲಿ ಏನನ್ನೋ ತಡಕುತ್ತಿದ್ದರು.

“ಕನ್ನಡಕ ಹುಡುಕ್ತಿದ್ರೆ, ಅದು ನಿಮ್ಮ ತಲೆ ಮೇಲೇ ಇದೆ” ಎಂದೆ. ನಾನು ಅವರಿಗೆ ಆಡಿದ ಮೊದಲ ಮಾತು ಅದು. ಎರಡನೆಯದರಿಂದ ಬೈಗುಳ.

“ತಲೆ ಮೇಲಿರೋದೇ ಕಾಣದವರಿಗೆ ತಲೆ ಒಳಗಿರೋದು ಏನ್ರೀ ಕಾಣುತ್ತೆ? ಗೊತ್ತಿಲ್ಲ ಅನ್ನೋದಕ್ಕೆ ಡಾಕ್ಟರೇ ಯಾಕಾಗಬೇಕಿತ್ತು? ನಮ್ಮ ಬಸ್ಸಲ್ಲಿ ಯಾರನ್ನ ಕೇಳಿದ್ರೂ ಗೊತ್ತಿಲ್ಲ ಅಂತಾನೇ ಹೇಳ್ತಾರೆ, ಅವರೇನು ಬಿಳಿ ಕೋಟು ಹಾಕ್ಕೊಂಡು ಓಡಾಡ್ತಾರಾ? ಮತ್ತೆ ನನ್ನ ತಲೆ ಬಿಚ್ಚಬೇಕಂತೆ ನಿಮ್ಮ ದೆಸೆಯಿಂದ! ಗೊತ್ತಿಲ್ಲದಿದ್ರೆ ಗೊತ್ತಿರೋರಿಗೆ ಜಾಗ ಬಿಟ್ಟು ಮನೇಲಿ ಕೂತ್ಕೊಳ್ಳೋಕೇನು ಧಾಡಿ?”

ಇದು ಬರೀ ಮೊದಲ ಕಂತು. ಉಳಿದದ್ದನ್ನು ಕಾಗದದ ಮೇಲೆ ಇಳಿಸುವ ಹಾಗಿಲ್ಲ. ಆಕೆ ಎದ್ದು ನಿಂತು, ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡು, ಒಂದು ಮಾತಿಗೂ ಅಡ್ಡ ಬರದೆ ಪೂರ್ತಿ ಕೇಳಿದರು. ನನಗೆ ಉಸಿರು ಸಾಲದೆ ನಿಲ್ಲಿಸಿದಾಗ ಸ್ಟೂಲು ಎಳೆದು ಕೊಟ್ಟರು.

“ನೀವು ಕಂಡಕ್ಟರಾ?”

“ಹೌದು, ಏನೀಗ?”

“ನಿಮಗೆ ಮಾತು ತೊದಲುತ್ತೆ, ಪದ ಸಿಗಲ್ಲ ಅಂತ ಬರೆದು ಕಳಿಸಿದ್ರು. ಇಷ್ಟು ಸೊಗಸಾಗಿ ಬೈತಿದ್ದೀರಲ್ಲ, ಮಾತು ವಾಪಸ್ ಬಂದಿದ್ದು ಯಾವಾಗ? ಆಪರೇಷನ್ ಆದ ಮೇಲಾ?”

“ಮುಂಚೇನೇ. ಮಾತ್ರೆ ಕೊಟ್ಟರಲ್ಲ, ಆವಾಗ.”

“ಯಾವ ಮಾತ್ರೆ?”

“ಊತ ಇಳಿಯೋ ಮಾತ್ರೆ. ಅದು ತಗೊಂಡ ಮೇಲೇನೇ ಎಲ್ಲ ಸರಿಹೋಗಿದ್ದು. ಈಗಲೂ ತಗೋತಿದ್ದೀನಿ.”

ಆಕೆ ಕುರ್ಚಿಯಲ್ಲಿ ಕುಸಿದು ಕೂತರು. ಮುಖ ಕೆಂಪೇರಿತು. “ಕೇಳಿದೆ ನಾನು” ಎಂದರು. “ಅವರನ್ನ ಕೇಳಿದೆ, ವಾರ್ಡನ್ನ ಕೇಳಿದೆ. ಒಬ್ಬರು, ಒಬ್ಬರಾದ್ರೂ ಹೇಳಬಾರದಾ?” ನನಗಿಂತ ಸಿಟ್ಟು ಬಂದವರನ್ನು ನಾನು ಅವತ್ತೇ ಕಂಡದ್ದು. ನನ್ನ ಸಿಟ್ಟು ಎಲ್ಲಿ ಹೋಯಿತೋ, ನೀರಿನ ಲೋಟ ಹುಡುಕಿ ಅವರ ಕೈಗೆ ಕೊಟ್ಟೆ.

ಆಮೇಲೆ ಅವರು ವಿವರಿಸಿದ್ದು ಇಷ್ಟು. ರಕ್ತದ ಬಿಳಿ ಕೋಶಗಳೇ ಕೆಟ್ಟು ಮಿದುಳಿನಲ್ಲಿ ಬೀಡುಬಿಡುವ ಒಂದು ಬಗೆಯ ಗೆಡ್ಡೆ ಇದೆ. ಅದರ ಮೇಲೆ ಈ ಮಾತ್ರೆ ಬಿದ್ದರೆ ಬಿಸಿಲಿಗೆ ಮಂಜು ಕರಗಿದ ಹಾಗೆ ಕರಗುತ್ತದೆ. ಸಾಯುವುದಿಲ್ಲ, ಅಡಗಿಕೊಳ್ಳುತ್ತದೆ. ಆಗ ಚೂರು ತೆಗೆದು ನೋಡಿದರೆ ಗೆಡ್ಡೆ ಇರುವುದಿಲ್ಲ, ಗುಡಿಸುವ ಕೋಶಗಳು ಮಾತ್ರ ಇರುತ್ತವೆ. ಅದಕ್ಕೆ ಔಷಧಿ ಇದೆ, ಕತ್ತಿ ಹಾಕಿ ಬಗೆಯಬೇಕಿಲ್ಲ. ಆದರೆ ಅದೇ ಎಂದು ಹೇಳಬೇಕಾದರೆ ಗಾಜಿನ ಮೇಲೆ ಕಾಣಬೇಕು. ಕಾಣಬೇಕಾದರೆ ಮಾತ್ರೆಯನ್ನು ಇಳಿಸುತ್ತ ಬಂದು ನಿಲ್ಲಿಸಿ, ಅದು ತಲೆ ಎತ್ತುವವರೆಗೆ ಕಾಯಬೇಕು.

“ಮಾತ್ರೆ ನಿಲ್ಲಿಸಿದ್ರೆ ನನ್ನ ಮಾತು?” ಎಂದೆ.

“ಹೋಗಬಹುದು.”

“ಮತ್ತೆ ಬರುತ್ತಾ?”

ಯಾರಾದರೂ ಆಗಿದ್ದರೆ, ಬರುತ್ತಮ್ಮಾ, ಧೈರ್ಯವಾಗಿರು ಎನ್ನುತ್ತಿದ್ದರು. ಆಕೆ ನನ್ನ ಕಣ್ಣನ್ನೇ ನೋಡುತ್ತ ಹೇಳಿದರು, “ಗೊತ್ತಿಲ್ಲ. ನಾನಂದುಕೊಂಡಿದ್ದೇ ಆಗಿದ್ರೆ, ಬರೋ ಸಾಧ್ಯತೆ ಜಾಸ್ತಿ. ಅದಾಗಿರದೆ ದೊಡ್ಡ ಡಾಕ್ಟರು ಹೇಳ್ತಿರೋ ಗೆಡ್ಡೇನೇ ಆಗಿದ್ರೆ, ಕಾಯೋದ್ರಿಂದ ನಿಮಗೆ ನಷ್ಟ.”

ಇಳಿದ ಹಾಗೆಯೇ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ.

ಆಸ್ಪತ್ರೆಯ ಮುಖ್ಯಸ್ಥರ ಕೋಣೆಯಲ್ಲಿ ನಡೆದದ್ದನ್ನು ನನ್ನ ಗಂಡ ಹೇಳಿದರು. ಇನ್ನೊಂದು ಆಪರೇಷನ್ನಿಗೆ ಅವರನ್ನು ಒಪ್ಪಿಸಲೆಂದು ಅಲ್ಲಿ ಕೂರಿಸಿದ್ದರು. ಮೇಡಂ ಮಾತ್ರೆಯ ವಿಷಯ ಎತ್ತಿದ್ದೇ ದೊಡ್ಡ ಡಾಕ್ಟರು ಮೇಜು ಗುದ್ದಿದರಂತೆ. ಮಾತ್ರೆ ಕೊಟ್ಟದ್ದಕ್ಕಲ್ಲ, ಹೇಳದೆ ಇದ್ದದ್ದಕ್ಕೂ ಅಲ್ಲ, ಮೇಡಂ ರೋಗಿಯ ಜೊತೆ ಮಾತಾಡಿದ್ದಕ್ಕೆ! “ನಿಮಗೆ ಅವರ ಹತ್ರ ಏನು ಕೆಲಸ?” ಎಂದರಂತೆ. ಗಾಜುಗಳನ್ನು ಹೊರಗಿನ ಬೇರೊಂದು ಲ್ಯಾಬಿಗೆ ಕಳಿಸಿದ್ದರು, ಅಲ್ಲಿಂದ ಗೆಡ್ಡೆ ಎಂದೇ ಉತ್ತರ ಬಂದಿತ್ತು. ಪಳಗಿದವರು ಎಡವುವ ಆ ಜಾಗದಲ್ಲೇ ಅವರೂ ಎಡವಿದ್ದರು. ಮುಖ್ಯಸ್ಥರು ಬೆಣ್ಣೆಯಲ್ಲಿ ಕೂದಲು ತೆಗೆಯುವ ದನಿಯಲ್ಲಿ, “ಎಲ್ಲರೂ ಗೆಡ್ಡೆ ಅಂತಿದ್ದಾರೆ ಮೇಡಂ. ನೀವೊಬ್ಬರೇ ಯಾಕೆ ಹಟ? ನೀವೂ ಒಂದು ಪದ ಬರೆದುಬಿಡಿ, ಮುಂದಿನದು ಅವರು ನೋಡ್ಕೋತಾರೆ” ಎಂದರಂತೆ.

“ಕಾಣದೇ ಇರೋದನ್ನ ಬರೆಯಲ್ಲ ಸರ್” ಎಂದರಂತೆ ಮೇಡಂ.

ಆಗ ದೊಡ್ಡ ಡಾಕ್ಟರು ನನ್ನ ಗಂಡನ ಕಡೆ ತಿರುಗಿದರು. “ಗೊತ್ತಿಲ್ಲ ಅನ್ನೋರನ್ನ ನಂಬ್ತೀರೋ, ಗೊತ್ತಿದೆ ಅನ್ನೋರನ್ನ ನಂಬ್ತೀರೋ?”

ನನ್ನ ಗಂಡ ಹೇಳಿದರಂತೆ, “ನಾನು ಹೇಳೋಕಾಗಲ್ಲ ಸರ್. ತಲೆ ಅವಳದು, ಮಾತೂ ಅವಳದು. ಅವಳನ್ನೇ ಕೇಳಿ.”

ನಮ್ಮ ಇಷ್ಟು ವರ್ಷದ ಸಂಸಾರದಲ್ಲಿ ಅವರು ಆಡಿದ ಅತಿ ದೊಡ್ಡ ಭಾಷಣ ಅದೇ. ನನ್ನನ್ನು ಕೇಳಿದರು. ಕಾಯುತ್ತೇನೆ ಎಂದೆ. ಧೈರ್ಯದಿಂದ ಅಂದೆನೆಂದು ಯಾರೂ ತಿಳಿಯಬೇಡಿ. ಜೀವವೋ ಮಾತೋ ಎಂಬ ಆ ಪ್ರಶ್ನೆ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು, ಆ ಸಿಟ್ಟಿಗೆ ಅಂದೆ. ದೊಡ್ಡ ಡಾಕ್ಟರು, “ಆಮೇಲೆ ನನ್ನ ಹತ್ರ ಅಳ್ತಾ ಬರಬೇಡಿ” ಎಂದು ಕೈತೊಳೆದುಕೊಂಡರು.

ಮಾತ್ರೆ ಇಳಿಯುತ್ತ ಬಂತು, ಅದರ ಜೊತೆಗೇ ಮಾತೂ. ಮೊದಲು ವಸ್ತುಗಳ ಹೆಸರು ಹೋದವು. ಲೋಟವೂ ಅದು, ಬಾಚಣಿಗೆಯೂ ಅದು, ಕಿಟಕಿಯೂ ಅದು. ಒಂದು ದಿನ ಗಂಡನನ್ನು “ಅಣ್ಣಾ” ಎಂದು ಕರೆದುಬಿಟ್ಟೆ. ಅವರು ನಕ್ಕು, ಅಡುಗೆಮನೆಗೆ ಹೋಗಿ, ಅಲ್ಲಿ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದರು. ನನ್ನನ್ನು ನೋಡಿಕೊಳ್ಳಲು ಅಕ್ಕ ಬಂದಿದ್ದಳು. ಅವಳು ನನ್ನ ಬಾಯಿಂದ ಅರ್ಧ ಹೊರಟ ಮಾತನ್ನೆಲ್ಲ ತಾನೇ ಪೂರ್ತಿ ಮಾಡುತ್ತಿದ್ದಳು, ಅದೂ ತಪ್ಪಾಗಿ. ನೀರು ಕೇಳಿದರೆ ಹೊದಿಕೆ ತಂದು ಹೊದಿಸುವಳು.

ಗೊತ್ತಿಲ್ಲ ಮೇಡಂ ಕೆಲಸ ಮುಗಿಸಿ ನಮ್ಮ ಮನೆಗೆ ಬರತೊಡಗಿದರು. ಗಾಜಿನವರು ರೋಗಿಯ ಮನೆಗೆ ಹೋಗುವುದೇ! ಮೇಲಿನವರ ನಗೆಗೆ ಇನ್ನೊಂದು ಕಾರಣವಾಯಿತು. ನನ್ನೆದುರು ಕೂರುವರು. ಕಣ್ಣು, ಕೈ, ನಡಿಗೆ ನೋಡುವರು. ನಾನು ಒಂದು ಪದಕ್ಕಾಗಿ ತಿಣುಕಾಡುತ್ತಿದ್ದರೆ ಬಾಯಿ ಹಾಕದೆ ಕಾಯುವರು. ಎಷ್ಟು ಹೊತ್ತಾದರೂ ಸರಿ, ನಾನು ಸೋತು ಕೈಚೆಲ್ಲುವವರೆಗೆ ಕಾಯುವರು. ಅಕ್ಕನಿಗೆ ಅವರನ್ನು ಕಂಡರೆ ಆಗದು.

“ಏನಾಗಿದೆ ನಮ್ಮ ಹುಡುಗಿಗೆ, ಅದನ್ನಾದ್ರೂ ಹೇಳಿ.”

“ಗೊತ್ತಿಲ್ಲಮ್ಮ ಇನ್ನೂ.”

“ಗೊತ್ತಿಲ್ಲದೆ ಇದ್ರೆ ದಿನಾ ಯಾಕೆ ಬರ್ತೀರಿ ನೀವು?”

“ನೋಡೋಕೆ” ಎಂದರು ಮೇಡಂ.

ಆ ದಿನಗಳಲ್ಲಿ ಅವರಿಗೂ ಅನ್ನ ಸೇರುತ್ತಿರಲಿಲ್ಲವೆಂದು ಆಮೇಲೆ ಅವರ ತಾಯಿ ಹೇಳಿದರು. ತಟ್ಟೆಯ ಮುಂದೆ ಕೂತು ಅನ್ನವನ್ನು ಬೆರಳಿನಲ್ಲಿ ಅಮುಕಿ ಅಮುಕಿ ನೋಡುತ್ತಿದ್ದರಂತೆ. ಆ ತಾಯಿಯ ವಿಷಯ ಇಲ್ಲಿ ಹೇಳಲೇಬೇಕು. ನಾನು ಚೇತರಿಸಿಕೊಂಡ ಮೇಲೆ ಅವರ ಮನೆಗೆ ಹೋಗಿದ್ದೆ. ಎರಡು ಕೋಣೆ, ತಾಯಿ ಮಗಳು ಇಬ್ಬರೇ. “ನನ್ನ ಮಗಳು ಡಾಕ್ಟರೇ, ಆದ್ರೆ ಜ್ವರ ಬಂದ್ರೆ ಆಗಲ್ಲ” ಎಂದು ಆ ತಾಯಿ ಬೀದಿಯವರಿಗೆ ಹೇಳಿಟ್ಟಿದ್ದರು. ತಮ್ಮ ಮೊಣಕಾಲು ನೋವಿಗೆ ಮೂಲೆಯ ಔಷಧಿ ಅಂಗಡಿಯವನನ್ನು ಕೇಳುತ್ತಿದ್ದರು. ಮಗಳಿಗೆ ಅದರಿಂದ ಬೇಸರವೇನೂ ಇರಲಿಲ್ಲ, ತಾವೂ ತಮ್ಮ ಕುತ್ತಿಗೆ ನೋವಿಗೆ ಅವನನ್ನೇ ಕೇಳುತ್ತಿದ್ದರು.

ಗಾಜಿನ ಕೆಲಸವನ್ನೇ ಯಾಕೆ ಹಿಡಿದಿರಿ ಎಂದು ಕೇಳಿದ್ದಕ್ಕೆ ಮೇಡಂ ತಾಯಿಯ ಮುಖ ನೋಡಿದರು. ತಾಯಿಯೇ ಹೇಳಿದರು. ಯಜಮಾನರು ಪೋಸ್ಟ್‌ಮ್ಯಾನ್ ಆಗಿದ್ದರಂತೆ. ಬೀದಿಯ ಮಕ್ಕಳ ಹೆಸರೂ ಬಾಯಿಪಾಠ. ಇದ್ದಕ್ಕಿದ್ದ ಹಾಗೆ ಒಬ್ಬರ ಪತ್ರ ಇನ್ನೊಬ್ಬರ ಮನೆಗೆ ಹಾಕತೊಡಗಿದರು. ಕುಡಿದಿದ್ದಾನೆ ಎಂದರು ಕೆಲವರು, ಕಳ್ಳಾಟ ಎಂದರು ಕೆಲವರು. ಬೀದಿಯ ಮಧ್ಯೆ ನಿಲ್ಲಿಸಿಕೊಂಡು ಉಗಿದರು. ಕೊನೆಗೆ ತಮ್ಮ ಮನೆಯ ದಾರಿಯೇ ತಿಳಿಯದೆ, ಮಗಳ ಹೆಸರೂ ಮರೆತು ತೀರಿಕೊಂಡರು. ಏನಾಗಿತ್ತೆಂದು ಯಾರೂ ನೋಡಲಿಲ್ಲ. ಆಸ್ಪತ್ರೆಯವರು ಹೃದಯ ನಿಂತು ಸತ್ತರು ಎಂದು ಬರೆದು ಕೊಟ್ಟರು.

“ಸತ್ತವರಲ್ಲಿ ಹೃದಯ ನಿಲ್ಲದೆ ಇರೋದು ಯಾರದು?” ಎಂದರು ಮೇಡಂ. ಅಷ್ಟು ವರ್ಷವಾದರೂ ಅವರ ದನಿ ಗಡಸಾಗಿತ್ತು. “ಗೊತ್ತಿಲ್ಲ ಅಂತ ಬರೆದಿದ್ರೆ ಯಾರಾದ್ರೂ ನೋಡ್ತಿದ್ರೋ ಏನೋ. ಏನೋ ಒಂದು ಬರೆದು ಬಾಗಿಲು ಹಾಕಿಬಿಟ್ರು.”

ಮತ್ತೆ ನನ್ನ ಕಥೆಗೆ ಬರುತ್ತೇನೆ. ತಲೆನೋವು ವಾಪಸು ಬಂತು, ಒದೆಯುತ್ತ ಬಂತು. ಸ್ಕ್ಯಾನಿನಲ್ಲಿ ಉಂಡೆ ಮೊದಲಿಗಿಂತ ಕೊಬ್ಬಿತ್ತು. ಅಷ್ಟು ಹೊತ್ತಿಗೆ ನನ್ನ ಬಾಯಲ್ಲಿ ಉಳಿದಿದ್ದುದು ಹೂಂ, ಉಹೂಂ ಮತ್ತು ಅದು. ದೊಡ್ಡ ಡಾಕ್ಟರು ಮುಖ ಗಂಟಿಕ್ಕಿಕೊಂಡೇ ಒಂದು ಸಣ್ಣ ತೂತು ಮಾಡಿ, ಸೂಜಿ ಇಳಿಸಿ, ಚೂರು ತೆಗೆದರು. ಅವರ ಕೈ ಬಹಳ ಚೆನ್ನಾಗಿದೆ, ಅದನ್ನು ಇಲ್ಲವೆನ್ನುವ ಪಾಪ ನನಗೆ ಬೇಡ. ಕೆಟ್ಟದ್ದಿರುವುದು ಕಿವಿ.

ಕೆಳಗೆ ಮೇಡಂ ಚೂರನ್ನು ಗಾಜಿನ ನಡುವೆ ಎಳೆದಾಗ ಬೆರಳಿಗೇ ತಿಳಿಯಿತಂತೆ, ಈ ಸಲ ಅದು ಬೇರೆ ಥರ ಹರಡಿತು ಎಂದು. ಬಣ್ಣ ಹಾಕಿ ಕಣ್ಣಿಟ್ಟರೆ ದಟ್ಟ ನೀಲಿಯ ದುಂಡು ಕೋಶಗಳು, ರಕ್ತನಾಳಗಳ ಸುತ್ತ ಬಳೆ ಬಳೆಯಾಗಿ ಮುತ್ತಿಕೊಂಡು ನಿಂತಿದ್ದವು. ಅಡಗಿದ್ದದ್ದು ಬಯಲಿಗೆ ಬಂದಿತ್ತು. ಫೋನಿನಲ್ಲಿ ಹೇಳಿದರು. ಆಮೇಲೆ ಮೇಣದಲ್ಲಿ ಇಟ್ಟು, ತೆಳುವಾಗಿ ಕೊಯ್ದು, ಬೇರೆ ಬಣ್ಣಗಳನ್ನು ಹಾಕಿಯೂ ನೋಡಿದರು. ಅದೇ.

ಅದಕ್ಕೆ ಮೇಲಿನಿಂದ ಬಂದ ಉತ್ತರವೇನು ಗೊತ್ತೇ? “ಹೂಂ.” ತಪ್ಪಾಯಿತು ಎನ್ನಲಿಲ್ಲ, ಒಳ್ಳೆಯದಾಯಿತು ಎಂದೂ ಇಲ್ಲ. ಹೂಂ ಎಂದು ಫೋನಿಟ್ಟರು. ನನಗೂ ಆಗ ಹೂಂ ಎನ್ನಲು ಬರುತ್ತಿತ್ತು, ಆದರೆ ನನಗೆ ಮಿದುಳಿನಲ್ಲಿ ಕಾಯಿಲೆಯಿತ್ತು. ಅವರಿಗೇನು ಧಾಡಿ?

ಔಷಧಿ ನರದ ಮೂಲಕ ಹನಿ ಹನಿಯಾಗಿ ಇಳಿಯಿತು. ಮತ್ತೆ ಮತ್ತೆ ಹೋಗಿ ಮಲಗಿ ಬಂದೆ. ಕೂದಲು ಹೋಯಿತು, ರುಚಿ ಹೋಯಿತು, ಮೈ ಹಿಂಡಿ ಹಿಪ್ಪೆಯಾಯಿತು. ಆದರೆ ಮಾತು ಬಂತು. ಮೊದಲು ಬಂದದ್ದು ಒಂದು ಬೈಗುಳ, ಅಕ್ಕನಿಗೆ ಬೈದದ್ದು, ಅವಳು ಖುಷಿಯಿಂದ ಅತ್ತಳು. ಸೇತುವೆ ಬಹಳ ತಡವಾಗಿ ಬಂತು. ಕೆಲಸಕ್ಕೆ ಮರಳಿದ ದಿನ ಆ ಸ್ಟಾಪಿನಲ್ಲಿ ಅಗತ್ಯಕ್ಕಿಂತ ಜೋರಾಗಿಯೇ ಕೂಗಿದೆ. ಈಗಲೂ ದಣಿದಾಗ ಒಂದೆರಡು ಪದ ಕೈಕೊಡುತ್ತವೆ. ಅವನ್ನು ಬೆನ್ನಟ್ಟದೆ ಕಾಯುತ್ತೇನೆ, ತಾವಾಗಿ ಬರುತ್ತವೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಪತ್ರಿಕೆಯಲ್ಲಿ ಬಂತು: ‘ಕಂಡಕ್ಟರ್ ಮಹಿಳೆಗೆ ಮಾತು ಮರಳಿಸಿದ ವೈದ್ಯ’. ಫೋಟೋದಲ್ಲಿ ಮತ್ತದೇ ಕಟ್ಟಿದ ಕೈ, ಅದೇ ನಗು. ಓದಿ ನನಗೆ ರಕ್ತ ಕುದಿಯಿತು. ಮೇಡಂಗೆ ತೋರಿಸಿದರೆ, “ಫೋಟೋ ಚೆನ್ನಾಗಿ ಬಂದಿದೆ” ಎಂದು ಮಡಿಸಿ ವಾಪಸು ಕೊಟ್ಟರು. ಸಂತರೇನಲ್ಲ ಅವರು. ಮಡಿಸುವಾಗ ಕಾಗದವನ್ನು ಉಗುರಿನಿಂದ ಎಷ್ಟು ಗಟ್ಟಿಯಾಗಿ ಗೀಚಿದರೆಂದರೆ ಫೋಟೋ ಕತ್ತಿನ ಹತ್ತಿರ ಹರಿದಿತ್ತು.

ಆಸ್ಪತ್ರೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದರು. ವೇದಿಕೆಯ ಮೇಲೆ ಮುಖ್ಯಸ್ಥರು, ದೊಡ್ಡ ಡಾಕ್ಟರು, ಇನ್ನೂ ಯಾರ್ಯಾರೋ. ಸಭೆಯ ತುಂಬ ಬಿಳಿ ಕೋಟುಗಳು. ಮೇಡಂ ಎಲ್ಲೂ ಕಾಣಲಿಲ್ಲ. ದೊಡ್ಡ ಡಾಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು, “ಇವರ ಬಾಯಿಂದಲೇ ಕೇಳಿ” ಎಂದು ಮೈಕು ಕೊಟ್ಟರು. ಏನೇನು ಹೇಳಬೇಕೆಂದು ಮೊದಲೇ ಹೇಳಿಕೊಟ್ಟಿದ್ದರು, ಹೂಗುಚ್ಛ ಕೊಡುವುದನ್ನೂ ಸೇರಿಸಿ.

ಮೈಕು ನನಗೇಕೆ? ಪಕ್ಕಕ್ಕಿಟ್ಟೆ.

“ನನ್ನ ಮಾತು ಉಳಿಸಿದವರು ಈ ವೇದಿಕೆ ಮೇಲಿಲ್ಲ” ಎಂದೆ. “ಅವರಿರೋದು ನಿಮ್ಮೆಲ್ಲರ ಕಾಲ ಕೆಳಗೆ, ಪಂಪಿನ ಕೋಣೆ ಪಕ್ಕ. ನೀವೆಲ್ಲ ಗೊತ್ತಿದೆ ಅಂದ್ರಿ, ಅವರೊಬ್ಬರೇ ಗೊತ್ತಿಲ್ಲ ಅಂದ್ರು. ನಿಮಗೆ ಗೊತ್ತಿದ್ದ ಹಾಗೆ ಮಾಡಿದ್ದಿದ್ರೆ ನಾನು ಈಗ ಇಲ್ಲಿ ನಿಂತು ಬ್ಯಾ ಬ್ಯಾ ಅಂತಿದ್ದೆ. ಒಂದು ಮಾತ್ರೆ ಕೊಟ್ಟಿದ್ದೀವಿ ಅಂತ ಅವರಿಗೆ ಹೇಳೋಕೆ ನಿಮಗೆ ಬಾಯಿ ಬರಲಿಲ್ಲ. ಕಾಯಿಲೆ ಇದ್ದಿದ್ದು ನನ್ನ ಬಾಯಿಗಾ, ನಿಮ್ಮ ಬಾಯಿಗಾ?”

ದೊಡ್ಡ ಡಾಕ್ಟರ ನಗು ಮುಖದ ಮೇಲೆಯೇ ಒಣಗಿ ನಿಂತಿತ್ತು. ಮುಖ್ಯಸ್ಥರು ಗಡಿಯಾರ ನೋಡಿಕೊಂಡರು. ನಾನು ಬಸ್ಸಿನ ಹಿಂದಿನ ಬಾಗಿಲ ದನಿ ತೆಗೆದೆ.

“ನೆಲಮಾಳಿಗೆ! ನೆಲಮಾಳಿಗೆ ಇಳಿಯೋರು ಇಳೀರಿ!”

ಒಬ್ಬರೂ ಏಳಲಿಲ್ಲ. ಹಿಂದಿನ ಸಾಲಿನಲ್ಲಿ ನನ್ನ ಗಂಡ ಮಾತ್ರ ಎದ್ದರು. ಹೂಗುಚ್ಛ ಎತ್ತಿಕೊಂಡು ವೇದಿಕೆ ಇಳಿದು ಹೊರಗೆ ನಡೆದೆ. ನನ್ನ ಬೆನ್ನ ಹಿಂದೆ ಯಾರೋ ಮೈಕಿನಲ್ಲಿ, “ಪಾಪ, ಇನ್ನೂ ಪೂರ್ತಿ ಗುಣವಾಗಿಲ್ಲ” ಎಂದರು. ಸಭೆ ನಕ್ಕಿತು.

ಆ ನಗು ಕಿವಿಯಲ್ಲಿಟ್ಟುಕೊಂಡು ಮೆಟ್ಟಿಲು ಇಳಿದೆ. ತಿರುಗಿ ಹೋಗಿ ಅವರ ಮುಖಕ್ಕೆ ಎಸೆಯಬೇಕಾದ ಮಾತುಗಳು ಸಾಲುಗಟ್ಟಿ ನಿಂತಿದ್ದವು. ಮೊದಲು ಮೇಡಂಗೆ ಎಲ್ಲ ಹೇಳಿ, ಅವರನ್ನು ಕೈಹಿಡಿದು ಎಳೆದುಕೊಂಡೇ ಮೇಲೆ ಹೋಗುವುದೆಂದು ಬಾಗಿಲು ತಳ್ಳಿದೆ. “ಮೇಡಂ, ಆ ಜನ...” ಎಂದು ಶುರುಮಾಡಿದೆ.

ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಕನ್ನಡಕ ತಲೆಯ ಮೇಲಿತ್ತು, ಮೊಣಕೈ ಚಿಕ್ಕ ದಿಂಬಿನ ಮೇಲೆ. ಎಡಗೈಯನ್ನು ಮಾತ್ರ ಮೇಲೆತ್ತಿದರು.

“ಶ್. ಮೇಲೆ ಒಬ್ಬರ ತಲೆ ತೆರೆದಿದೆ.”

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಆಮೇಲೆ ಸದ್ದಾಗದಂತೆ ಸ್ಟೂಲು ಎಳೆದುಕೊಂಡು ಕೂತೆ. ನನ್ನ ಗಂಡ ಗೋಡೆಗೊರಗಿ ನಿಂತರು. ಮೇಡಂ ಗಾಜನ್ನು ಕೂದಲೆಳೆಯಷ್ಟು ಸರಿಸುವರು, ನೋಡುವರು, ಮತ್ತೆ ಸರಿಸುವರು. ಗೋಡೆಯ ಫೋನು ಬಡಿದುಕೊಂಡಿತು. ಯಾರೋ ಎಳೆ ದನಿಯ ಡಾಕ್ಟರು ಅವಸರದಲ್ಲಿ ಕೇಳಿದ್ದು ನನಗೂ ಕೇಳಿಸಿತು, “ಏನು ಮೇಡಂ, ಗೊತ್ತಾಯ್ತಾ?”

“ಇನ್ನೂ ಗೊತ್ತಿಲ್ಲ. ಕಾಯಿರಿ” ಎಂದರು ಮೇಡಂ.

ಮೇಲೆ ಚಪ್ಪಾಳೆ ಸದ್ದಾಗುತ್ತಿತ್ತು. ಆಪರೇಷನ್ ಮೇಜಿನ ಮೇಲೆ ಮಲಗಿದವರು ಯಾರೋ, ಅವರ ಮಾತೋ ನಡಿಗೆಯೋ ಕಣ್ಣೋ ಆ ಗಾಜಿನ ಮೇಲಿತ್ತು. ನನ್ನ ಬಾಯಿ ಮುಚ್ಚಿಸಿದವರು ಇದುವರೆಗೆ ಹುಟ್ಟಿರಲಿಲ್ಲ. ಬೇಕಾದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು, ಒಂದೂ ಕೈಕೊಟ್ಟಿರಲಿಲ್ಲ. ಹೂಗುಚ್ಛವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತೆ.